ಕಮ್ಮಾರನ ಮಗ ಮತ್ತು ಕಬ್ಬಿಣದ ಬಳೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳಲ್ಲಿ ಕಾವ್ಯವಿರುವುದು ಓಲೆಗರಿಯಲ್ಲಲ್ಲ, ಕೊರಳಿನಲ್ಲಿ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವನ್ನರಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಅಂಥ ಕೊರಳೊಂದು ಅಡಗಿದರೆ ಭಂಡಾರವೊಂದಕ್ಕೆ ಬೀಗ ಬಿದ್ದಂತೆ. ಆದುದರಿಂದ ಇಂದು ವೇದಿಕೆಯ ಮೇಲೆ ಹಾಡುವ ಜನಪದ ಗಾಯಕರ ದನಿಗೆ ಎರಡು ದಾರಿಗಳು ಬೇಕು. ಒಂದು, ಎದುರಿಗೆ ಕುಳಿತ ಜನರಿಗಾಗಿ ಧ್ವನಿವರ್ಧಕದ ಕಡೆಗೆ. ಇನ್ನೊಂದು, ಮುಂದೆ ಹುಟ್ಟುವವರಿಗಾಗಿ ಧ್ವನಿಮುದ್ರಣ ಯಂತ್ರದ ಕಡೆಗೆ. ಮೈಕು ಮಾತ್ರ ಒಂದೇ.

ಆ ಮೈಕಿನ ತಂತಿಯನ್ನು ಸುಮ್ಮನೆ ಕವಲೊಡೆಸಿ ಎರಡೂ ಯಂತ್ರಗಳಿಗೆ ಕಟ್ಟಿದರೆ ತೊಂದರೆ ತಪ್ಪಿದ್ದಲ್ಲ. ಬೇರೆ ಬೇರೆ ಕಡೆಯಿಂದ ವಿದ್ಯುತ್ತನ್ನು ಪಡೆಯುವ ಅವೆರಡರ ಅರ್ಥಿಂಗುಗಳು ಮೈಕಿನ ತಂತಿಯ ಹೊರಹೆಣಿಗೆಯ ಮೂಲಕ ಕೂಡಿಕೊಂಡು ಒಂದು ಸುತ್ತುದಾರಿಯಾಗುತ್ತದೆ. ಅದರಲ್ಲಿ ಹರಿಯುವ ಕಳ್ಳ ವಿದ್ಯುತ್ತು, ಸೆಕೆಂಡಿಗೆ ೫೦ ಆವರ್ತಗಳ ಲೆಕ್ಕದಲ್ಲಿ, ಹಾಡಿನ ಅಡಿಯಲ್ಲಿ ದುಂಬಿಯಂತೆ ಮೊರೆಯುತ್ತದೆ. ಸಭೆ ಅದನ್ನು ಮರೆತೀತು. ಮುದ್ರಿಕೆಯಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಇದನ್ನು ತಪ್ಪಿಸಲೆಂದು ಧ್ವನಿತಂತ್ರಜ್ಞರು ನಡುವೆ ಇಡುವ ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಕಂಡಾಗಲೆಲ್ಲ, ಕನ್ನಡ ಪಾಠ ಹೇಳುವ ನನಗೆ ಒಬ್ಬ ಕಮ್ಮಾರನ ಮಗನ ಚರಿತ್ರೆ ನೆನಪಾಗುತ್ತದೆ. ಆತನ ಹೆಸರು ಮೈಕೇಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದ್ದು ೧೭೯೧ರ ಸೆಪ್ಟೆಂಬರ್ ೨೨ರಂದು, ಲಂಡನ್ನಿನ ಬಡ ಮನೆಯೊಂದರಲ್ಲಿ. ತಂದೆ ರೋಗಿಷ್ಠ, ಶಾಲೆಯ ಓದು ಅಕ್ಷರ, ಲೆಕ್ಕಗಳ ಮೊದಲ ಪಾಠಕ್ಕೇ ನಿಂತಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದದೆ ಬಿಡಲಿಲ್ಲ. ವಿಶ್ವಕೋಶದ ವಿದ್ಯುತ್ತಿನ ಲೇಖನವೇ ಆತನಿಗೆ ಗುರುವಾಯಿತು. ೧೮೧೨ರಲ್ಲಿ ಗಿರಾಕಿಯೊಬ್ಬರು ಕೊಡಿಸಿದ ಟಿಕೇಟಿನಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಅಂದವಾಗಿ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದನು. ಮರುವರ್ಷದ ಮಾರ್ಚಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು. ಡೇವಿ ದಂಪತಿಗಳೊಡನೆ ಯೂರೋಪನ್ನು ಸುತ್ತಿದಾಗ ಆಳಿನಂತೆ ನಡೆಸಿಕೊಂಡದ್ದನ್ನೂ ಸಹಿಸಿದನು. ಕಲಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

೧೮೩೧ರ ಆಗಸ್ಟ್ ೨೯ರಂದು ಆತ ಆರು ಅಂಗುಲ ಅಗಲದ ಮೆದುಗಬ್ಬಿಣದ ಬಳೆಯೊಂದಕ್ಕೆ ಎರಡು ಪಕ್ಕಗಳಲ್ಲಿ ತಾಮ್ರದ ತಂತಿಯನ್ನು ಸುತ್ತಿದನು. ಸುತ್ತಿಗೆ ಸುತ್ತು ತಗುಲದಂತೆ ನಡುನಡುವೆ ಹುರಿಯನ್ನೂ ಬಟ್ಟೆಯನ್ನೂ ಇಟ್ಟನು. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ನಿಂತವರಿಗೆ ಆ ತಾಳ್ಮೆಯ ಪರಿಚಯವಿದ್ದೇ ಇರುತ್ತದೆ. ಒಂದು ಸುರುಳಿಗೆ ಬ್ಯಾಟರಿಯನ್ನು ಜೋಡಿಸಿದೊಡನೆ, ಅದನ್ನು ಮುಟ್ಟದೆಯೇ ಇದ್ದ ಇನ್ನೊಂದರ ತಂತಿಯ ಬಳಿ ಕಾಂತದ ಸೂಜಿ ಅಲುಗಿ ಸ್ತಬ್ಧವಾಯಿತು. ಬ್ಯಾಟರಿಯನ್ನು ಕಳಚಿದಾಗ ಮತ್ತೆ ಅಲುಗಿತು. ಒಂದೇ ಸಮನೆ ಹರಿಯುವ ವಿದ್ಯುತ್ತು ದಾಟುವುದಿಲ್ಲ, ಬದಲಾಗುವುದು ಮಾತ್ರ ದಾಟುತ್ತದೆ. ಈ ತತ್ತ್ವವೇ ಟ್ರಾನ್ಸ್‌ಫಾರ್ಮರಿನ ಬೀಜ.

ಹಾಡೆಂಬುದಾದರೂ ಏನು? ಕ್ಷಣಕ್ಷಣಕ್ಕೂ ಬದಲಾಗುವ ನಾದವಲ್ಲವೆ? ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಸುರುಳಿಯಿಂದ ಇನ್ನೊಂದಕ್ಕೆ ಹಾಡು ದಾಟಿ ಮುದ್ರಣ ಯಂತ್ರವನ್ನು ಸೇರುತ್ತದೆ. ಕೆಲವು ಜಾತಿಯ ಮೈಕುಗಳಿಗೆ ಧ್ವನಿವರ್ಧಕದ ಕಡೆಯಿಂದ ನೇರ ತಂತಿಯಲ್ಲಿ ಬರುವ ೪೮ ವೋಲ್ಟಿನ ಸ್ಥಿರ ವಿದ್ಯುತ್ತು ಆಚೆಗೆ ದಾಟುವುದಿಲ್ಲ. ಸುರುಳಿಗಳು ಒಂದನ್ನೊಂದು ಮುಟ್ಟದಿರುವುದರಿಂದ, ಆ ಕಡೆಯ ಹೊರಹೆಣಿಗೆಯನ್ನು ಒಂದು ಸ್ವಿಚ್ಚಿನಿಂದ ಬಿಡಿಸಿದರೆ ಸುತ್ತುದಾರಿ ಕಡಿಯುತ್ತದೆ. ದುಂಬಿಯ ಮೊರೆತ ನಿಲ್ಲುತ್ತದೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಸುರುಳಿಗಳ ನಡುವೆ ತೆಳುವಾದ ಲೋಹದ ತೆರೆಯೊಂದಿರುತ್ತದೆ. ಅದಕ್ಕೂ ಫ್ಯಾರಡೆಯದೇ ಹೆಸರು: ೧೮೩೬ರಲ್ಲಿ ಆತ ಲೋಹದ ಹೊದಿಕೆಯ ೧೨ ಅಡಿಯ ಕೋಣೆಯೊಳಗೆ ತಾನೇ ಕುಳಿತು, ಹೊರಗೆ ಕಿಡಿ ಹಾರುತ್ತಿದ್ದರೂ ಒಳಗೆ ವಿದ್ಯುತ್ತಿನ ಸುಳಿವಿಲ್ಲವೆಂಬುದನ್ನು ತೋರಿಸಿದ್ದನು.

ಇಷ್ಟೆಲ್ಲವನ್ನು ಕಂಡವನಿಗೆ ಉನ್ನತ ಗಣಿತ ಬಾರದು. ಆತ ಮನಸ್ಸಿನಲ್ಲಿ ಕಂಡ ಬಲರೇಖೆಗಳನ್ನು ಸಮೀಕರಣಗಳಾಗಿಸಲು ಮ್ಯಾಕ್ಸ್‌ವೆಲ್ ಬರಬೇಕಾಯಿತು. ಸರ್ ಪದವಿಯನ್ನೂ ಎರಡು ಸಲ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಫ್ಯಾರಡೆ ಒಲ್ಲೆನೆಂದನು. ಆದರೆ ಆತನ ಬಾಳಿನಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಬೇರೆಯೇ ಒಂದು ಸಂಗತಿ. ನಡುವಯಸ್ಸಿನಿಂದಲೇ ಆತನ ನೆನಪಿನ ಶಕ್ತಿ ಕುಂದತೊಡಗಿತು. ತಾನು ಮಾಡಿದ ಪ್ರಯೋಗವೇ ಮರೆತುಹೋಗುವಂತಾದಾಗ, ಮೊದಲಿನಿಂದ ಬರೆದಿಟ್ಟಿದ್ದ ದಿನಚರಿಯೇ ಊರುಗೋಲಾಯಿತು. ಆ ದಿನಚರಿಯ ಸಂಖ್ಯೆಯಿಟ್ಟ ಕಂಡಿಕೆಗಳು ೧೬,೦೪೧. ೧೮೬೭ರ ಆಗಸ್ಟ್ ೨೫ರಂದು ಆತ ತೀರಿಕೊಂಡಾಗ ನೆನಪು ಬಹುಮಟ್ಟಿಗೆ ಅಳಿದಿತ್ತು, ಬರಹ ಅಳಿಯಲಿಲ್ಲ.

ನಮ್ಮ ಹಟ್ಟಿಗಳ ಹಾಡುಗಾರರಿಗೆ ಅಂಥ ದಿನಚರಿಯಿಲ್ಲ. ಅವರ ಪಾಲಿಗೆ ಮುದ್ರಿಕೆಯೇ ದಿನಚರಿ. ಜನಪದ ಗೀತೆಗಳ ಸಂಗ್ರಹಕ್ಕೆ ಹೊರಡುವ ವಿದ್ಯಾರ್ಥಿಮಿತ್ರರು, ಊರ ಸಭೆಯ ಮೈಕನ್ನೇ ಆಶ್ರಯಿಸಬೇಕಾಗಿ ಬಂದಲ್ಲಿ, ಈ ಪೆಟ್ಟಿಗೆಯೊಂದನ್ನು ಜೊತೆಗೆ ಒಯ್ಯುವುದು ಒಳಿತು. ಒಮ್ಮೆ ಹಾಡಿದ್ದನ್ನು ಮತ್ತೊಮ್ಮೆ ಹಾಡಲು ಆ ಅಜ್ಜಿ ಮುಂದಿನ ವರ್ಷ ಇರುವಳೆಂದು ಯಾರು ಹೇಳಬಲ್ಲರು?