ಕಿವಿಯೇ ಪುಸ್ತಕವಾದ ಬದುಕು: ಪಂಚಾಕ್ಷರಿ ಗವಾಯಿಗಳು

ಈ ಸಲದ ಬೋಧನಾಭ್ಯಾಸಕ್ಕೆ ವನದುರ್ಗದ ಸುತ್ತಿನ ಹಳ್ಳಿಗಳಿಗೆ ಹೋಗಿ ಬಂದ ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಒಂದೇ ದೂರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಮಕ್ಕಳಿಗೆ ಲಕ್ಷ್ಯವಿಲ್ಲ, ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಮುಖ ಬಾಡಿಸಿಕೊಂಡು ಕೂರುತ್ತಾರೆ. ನಾನೂ ನೌಕರಿಗೆ ಸೇರಿದ ಹೊಸದರಲ್ಲಿ ಹೀಗೆಯೇ ಬರೆದವನು. ಪುಸ್ತಕ ತೆಗೆಯಿರಿ, ನಲವತ್ತನೆಯ ಪುಟ ನೋಡಿ, ಮೂರನೆಯ ಲೆಕ್ಕ ಬರೆದುಕೊಳ್ಳಿ, ಉತ್ತರಕ್ಕೆ ಅಡಿಗೆರೆ ಎಳೆಯಿರಿ ಎಂದು ಒಂದೇ ಉಸಿರಿನಲ್ಲಿ ಹೇಳಿ, ಪುಸ್ತಕ ತೆಗೆದು ಸುಮ್ಮನೆ ಕೂತ ಹುಡುಗನನ್ನು ಮೈಗಳ್ಳನೆಂದು ಬೈದಿದ್ದೆ. ಅವನು ಮೈಗಳ್ಳನಾಗಿರಲಿಲ್ಲ. ನಾನು ಕೊಟ್ಟ ಹೊರೆ ಅವನ ಕೈಯಲ್ಲಿ ಹಿಡಿಸಿರಲಿಲ್ಲ, ಅಷ್ಟೆ.

ಆ ಕೈಗೆ ಮನೋವಿಜ್ಞಾನದಲ್ಲಿ ಕಾರ್ಯಸ್ಮೃತಿ ಎಂದು ಹೆಸರು. ವರ್ಕಿಂಗ್ ಮೆಮೊರಿ ಎಂದರೆ ನಿಮಗೆ ಬೇಗ ಗೊತ್ತಾದೀತು. ಕೇಳಿದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ನಡೆಸುವ ಶಕ್ತಿ ಅದು. ದಶಕ ಒಯ್ಯುವಾಗ ಬೆರಳಿನಲ್ಲಿ ಒಂದನ್ನು ಹಿಡಿದುಕೊಳ್ಳುತ್ತೇವಲ್ಲ, ಹಾಗೆ. ಬ್ಯಾಡ್ಲಿ ಮತ್ತು ಹಿಚ್ ಎಂಬ ಇಂಗ್ಲೆಂಡಿನ ಇಬ್ಬರು ವಿದ್ವಾಂಸರು ಇದರ ನಕ್ಷೆಯನ್ನು 1974ರಲ್ಲಿ ಮುಂದಿಟ್ಟರು. ಆದರೆ ಬದುಕೆಲ್ಲ ಈ ಶಕ್ತಿಯ ಮೇಲೆಯೇ ನಿಂತಿದ್ದ ಒಬ್ಬರು ಅದಕ್ಕೂ ಮೂವತ್ತು ವರ್ಷ ಮೊದಲು ಗದಗಿನಲ್ಲಿ ತೀರಿಕೊಂಡಿದ್ದರು. ಅವರು ಬಹು ದೊಡ್ಡ ಶಿಕ್ಷಕರೂ ಆಗಿದ್ದರು. ನಮ್ಮ ಪಾಠಯೋಜನೆಗಳಲ್ಲಿ ಅವರ ಹೆಸರು ಸಂಗೀತದ ಘಟಕದಲ್ಲಿ ಮಾತ್ರ ಬರುತ್ತದೆ. ಅದು ಸಾಲದು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗೆ ಹುಟ್ಟಿದ ಗಂಡುಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಮಗುವಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯಲ್ಲಿ ಎರಡು ಅಂಧ ಮಕ್ಕಳೆಂದರೆ ಮುಂದಿನ ದಾರಿ ಬಹುಮಟ್ಟಿಗೆ ನಿಶ್ಚಿತ: ಊರೂರು ತಿರುಗಿ ಹಾಡಿ ಬೇಡುವುದು. ಆ ದಾರಿ ತಪ್ಪಿದ್ದು ಹಾನಗಲ್ಲ ಕುಮಾರ ಸ್ವಾಮಿಗಳಿಂದ. ಮುಂದೆ 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ ಕಟ್ಟಿದವರು ಅವರೇ. ಅಣ್ಣ ತಮ್ಮಂದಿರ ಕಂಠ ಕೇಳಿದ ಸ್ವಾಮಿಗಳು ಮಕ್ಕಳ ಹೊಣೆ ಹೊತ್ತರು, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯ ಕಾಲಕ್ರಮದಲ್ಲಿ ಪಂಚಾಕ್ಷರಿಯಾದರು.

ಅವರು ಕಲಿತ ಬಗೆಯನ್ನು ತುಸು ನಿಧಾನವಾಗಿ ನೋಡಬೇಕು. ಅವರಿಗೆ ಬರಹವೆಂಬುದೇ ಇರಲಿಲ್ಲ. ಭಾರತದ ಭಾಷೆಗಳಿಗೆಲ್ಲ ಹೊಂದುವ ಒಂದು ಬ್ರೈಲ್ ಲಿಪಿ ಒಪ್ಪಿತವಾದದ್ದು 1951ರಲ್ಲಿ, ಅವರು ತೀರಿಕೊಂಡು ಏಳು ವರ್ಷದ ಮೇಲೆ. ಹಾಗಾಗಿ ಪಾಠವೆಲ್ಲ ಗುರುಮುಖದಿಂದಲೇ. ಗುರು ಒಂದು ಸ್ವರಗುಚ್ಛ ಹಾಡುತ್ತಾರೆ, ಶಿಷ್ಯ ಹಾಗೆಯೇ ಹಿಂದಿರುಗಿಸಬೇಕು. ಮೊದಲು ಚಿಕ್ಕದು, ಆಮೇಲೆ ಉದ್ದದ್ದು. ಹಿಂದಿರುಗಿಸುವಾಗ ಕಿವಿ ತಂಬೂರಿಯ ಶ್ರುತಿಯನ್ನು ಬಿಡಕೂಡದು, ಕೈ ತಾಳವನ್ನು ಬಿಡಕೂಡದು. ತೀನ್ ತಾಲವಾದರೆ ಹದಿನಾರು ಮಾತ್ರೆ. ಒಂಬತ್ತನೆಯದಕ್ಕೆ ಖಾಲಿ, ಸುತ್ತು ಮುಗಿದು ಮತ್ತೆ ಒಂದಕ್ಕೆ ಸಮ್. ಹಾಡು ಎಲ್ಲಿ ಅಲೆದರೂ ಸಮ್‌ಗೆ ಬಂದು ಕೂಡಬೇಕು. ಅಂದರೆ ಕೇಳಿದ ಸ್ವರ, ಎಣಿಸುತ್ತಿರುವ ಮಾತ್ರೆ, ಮುಂದೆ ಹಾಡಬೇಕಾದ್ದು, ಈ ಮೂರೂ ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಇರಬೇಕು. ಕಾರ್ಯಸ್ಮೃತಿಗೆ ಇದಕ್ಕಿಂತ ಕಠಿಣವಾದ ಅಭ್ಯಾಸ ಸಿಗುವುದು ಕಷ್ಟ.

ಅಂಧರಿಗೆ ನೆನಪು ದೇವರು ಕೊಟ್ಟ ವರ ಎಂಬ ಮಾತು ನಮ್ಮ ಕಡೆ ರೂಢಿಯಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ವರ ಎಂದುಬಿಟ್ಟರೆ ವರ್ಷಗಟ್ಟಲೆ ನಸುಕಿನಲ್ಲಿ ಎದ್ದು ಕೂತವರ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ನಮ್ಮ ತರಗತಿಯಲ್ಲಿ ದೃಷ್ಟಿದೋಷವಿರುವ ಮಗು ಮರೆತಾಗ, ನಿನಗೆ ನೆನಪು ಚೆನ್ನಾಗಿರಬೇಕಿತ್ತಲ್ಲ ಎಂದು ಕೇಳುವ ಅನ್ಯಾಯವೂ ಅದೇ ಮಾತಿನಿಂದ ಹುಟ್ಟುತ್ತದೆ.

ಪಂಚಾಕ್ಷರಿಗಳ ಕಲಿಕೆಯಲ್ಲಿ ಇನ್ನೊಂದು ತೊಡಕಿತ್ತು. ಅವರು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಅದು ಕೈವಶವಾದ ಮೇಲೆ ಮಿರಜದ ನೀಲಕಂಠ ಬುವಾ ಅವರ ಹತ್ತಿರ ಹಿಂದೂಸ್ತಾನಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರಿಗೂ ಗುರುವಾಗಿದ್ದವರು ಈ ಬುವಾ. ಎರಡು ಪದ್ಧತಿ ಕಲಿಯುವುದೆಂದರೆ ಎರಡು ಗಂಟು ಒಟ್ಟಿಗೆ ಹೊತ್ತಂತೆ ಎಂದುಕೊಳ್ಳಬೇಡಿ, ಅದಕ್ಕಿಂತ ಕಷ್ಟ. ಕರ್ನಾಟಕದ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲಕಂಸ್ ಆಗುತ್ತದೆ, ಹಿಂದೂಸ್ತಾನಿಯ ಹಿಂಡೋಲ್ ಬೇರೆಯೇ ರಾಗ. ಕರ್ನಾಟಕದ ತೋಡಿಯ ಸ್ವರಗಳು ಅಲ್ಲಿ ಭೈರವಿಯವು. ಅಲ್ಲಿನ ತೋಡಿಯ ಸ್ವರಗಳನ್ನು ಇಲ್ಲಿ ಹುಡುಕಿದರೆ ಶುಭಪಂತುವರಾಳಿಯಲ್ಲಿ ಸಿಗುತ್ತವೆ. ಹೆಸರು ಒಂದೇ, ಸ್ವರ ಬೇರೆ. ಸ್ವರ ಒಂದೇ, ನಡೆ ಬೇರೆ. ಮೊದಲು ಗಟ್ಟಿಯಾಗಿ ಕೂತದ್ದು ಆಮೇಲೆ ಬಂದದ್ದನ್ನು ತಳ್ಳುತ್ತದೆ. ಮನೆಯ ಭಾಷೆ ತೆಲುಗೋ ಉರ್ದುವೋ ಲಂಬಾಣಿಯೋ ಆಗಿರುವ ಮಗು ಪುಸ್ತಕದ ಕನ್ನಡ ಕಲಿಯುವಾಗ ಪಡುವ ಪಾಡು ಇದೇ. ಬರುವ ಮಾತನ್ನು ತಡೆದು ಬೇಕಾದ ಮಾತನ್ನು ಹೊರಗೆ ತರುವುದು ಕಾರ್ಯಸ್ಮೃತಿಯ ಅತಿ ಭಾರದ ಕೆಲಸ. ಪಂಚಾಕ್ಷರಿಗಳು ಅದನ್ನು ಸಾಧಿಸಿ ಉಭಯ ಗಾನ ವಿಶಾರದರೆನಿಸಿದರು.

ಅವರಿಗೆ ಇದು ಹೇಗೆ ಸಾಧ್ಯವಾಯಿತು? ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಮನಸ್ಸು ಒಮ್ಮೆಗೆ ಸುಮಾರು ಏಳು ಬಿಡಿಗಳನ್ನು ಹಿಡಿಯಬಲ್ಲದು ಎಂದರು. ಈಚಿನವರು ಅದನ್ನೂ ನಾಲ್ಕಕ್ಕೆ ಇಳಿಸಿದ್ದಾರೆ. ಆದರೆ ಬಿಡಿಗಳನ್ನು ಗಂಟು ಕಟ್ಟಿದರೆ ಗಂಟೇ ಒಂದು ಬಿಡಿಯಾಗುತ್ತದೆ. ಹೊಸಬನ ಕಿವಿಗೆ ಹತ್ತು ಸ್ವರವೆಂದರೆ ಹತ್ತು. ರಾಗ ಬಲ್ಲವನಿಗೆ ಅದು ಒಂದು ಪಕಡ್, ಒಂದೇ ಹಿಡಿ. 1980ರ ಸುಮಾರಿನಲ್ಲಿ ಅಮೆರಿಕದ ಒಬ್ಬ ಕಾಲೇಜು ಹುಡುಗನಿಗೆ ಇನ್ನೂರಕ್ಕೂ ಹೆಚ್ಚು ತಾಸು ಅಂಕಿಗಳನ್ನು ಕೇಳಿ ಒಪ್ಪಿಸುವ ಅಭ್ಯಾಸ ಮಾಡಿಸಿದರು. ಏಳು ಅಂಕಿ ಹಿಡಿಯುತ್ತಿದ್ದವನು ಎಪ್ಪತ್ತೊಂಬತ್ತರವರೆಗೆ ಹೋದ. ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಗಂಟು ಕಟ್ಟುತ್ತಿದ್ದ. ಆದರೆ ಅಂಕಿ ಬಿಟ್ಟು ಅಕ್ಷರ ಕೊಟ್ಟ ಕೂಡಲೇ ಆರಕ್ಕೆ ಇಳಿದ.

ಈ ಕೊನೆಯ ಮಾತನ್ನು ಪ್ರಶಿಕ್ಷಣಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಕಾರ್ಯಸ್ಮೃತಿಯ ಆಟವಾಡಿಸಿದರೆ ಏಕಾಗ್ರತೆ ಬರುತ್ತದೆ, ಮನಸ್ಸು ಹಗುರಾಗುತ್ತದೆ, ಅಂಕ ಏರುತ್ತದೆ ಎಂದು ಹೇಳಿ ಮಾರುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್ ಎಂಬ ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪರಿಶೀಲಿಸಿದರು. ಆಡಿದ ಆಟದಲ್ಲೂ ಅದನ್ನು ಹೋಲುವ ಕೆಲಸದಲ್ಲೂ ಮಕ್ಕಳು ಸುಧಾರಿಸುತ್ತಾರೆ, ಓದು ಮತ್ತು ಲೆಕ್ಕಕ್ಕೆ ಅದು ದಾಟಿ ಬಂದದ್ದಕ್ಕೆ ನಂಬುವಂಥ ಆಧಾರ ಸಿಗಲಿಲ್ಲ. ಪಂಚಾಕ್ಷರಿಗಳ ಬದುಕೂ ಇದಕ್ಕೆ ವಿರುದ್ಧವಾಗಿಲ್ಲ. ಅವರು ನೆನಪನ್ನು ಬಿಡಿಯಾಗಿ ಸಾಣೆ ಹಿಡಿಯಲಿಲ್ಲ, ಸಂಗೀತ ಕಲಿತರು. ನೆನಪು ಅದರ ಜೊತೆಗೆ ಬೆಳೆಯಿತು.

ಇನ್ನು ಮನಸ್ಸಿನ ಮಾತು. ಕುಮಾರ ಸ್ವಾಮಿಗಳ ಆಶಯದಂತೆ ಪಂಚಾಕ್ಷರಿಗಳು ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಹೋಗುವ ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಕಟ್ಟಡವಿಲ್ಲ, ಅನುದಾನವಿಲ್ಲ. ಕಛೇರಿಯಿಂದ ಬಂದದ್ದು, ಭಕ್ತರು ಕೊಟ್ಟದ್ದು ಮಕ್ಕಳ ಹೊಟ್ಟೆಗೆ. ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದ ಮೇಲೂ ಹೊಣೆ ಬಿಡಲಿಲ್ಲ. ಸಾಲದ್ದಕ್ಕೆ ನಾಟಕ ಮಂಡಳಿಯನ್ನೂ ಕಟ್ಟಿಕೊಂಡರು. ಅಲ್ಲಿಗೆ ಬಂದ ಮಗುವಿಗೆ ಸಿಗುತ್ತಿದ್ದದ್ದು ಊಟ, ಮಲಗಲು ಜಾಗ, ತನ್ನಂಥವರ ಜೊತೆ. ಪಾಠ ಅದರ ಮೇಲೆ. ಈ ಕ್ರಮವನ್ನು ದಾನಧರ್ಮವೆಂದು ಮಾತ್ರ ನೋಡಿದರೆ ಶಿಕ್ಷಣದ ಅರ್ಥ ಕಳೆದುಹೋಗುತ್ತದೆ. ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬುವರು 2001ರಲ್ಲಿ ಗಣಿತದ ಭಯವನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಭಯವೇ ಕಾರ್ಯಸ್ಮೃತಿಯ ಜಾಗವನ್ನು ತಿನ್ನುತ್ತದೆಂದು ಕಂಡಿತು. ರಾತ್ರಿ ಊಟದ ಚಿಂತೆ ತಲೆಯಲ್ಲಿ ಕೂತಿರುವ ಮಗುವಿಗೆ ಹದಿನಾರು ಮಾತ್ರೆ ಎಣಿಸಲು ಜಾಗ ಎಲ್ಲಿ ಉಳಿಯುತ್ತದೆ? ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೀಗೆ ಬಂದವರಲ್ಲಿ ಒಬ್ಬರು 1914ರಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟಯ್ಯ, ಮುಂದಿನ ಪುಟ್ಟರಾಜ ಗವಾಯಿಗಳು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಎಲ್ಲವೂ ಅವರ ಕೈಗೆ ಬಂದವು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಇದೇ ಗುರುವಿನ ಶಿಷ್ಯರು. ಕಣ್ಣಿದ್ದವರೂ ಬಂದರು, ಯಲಿವಾಳದ ಬಸವರಾಜ ರಾಜಗುರು ಹಾಗೆ ಬಂದವರು. ಅವರ ಮೊದಲ ದೊಡ್ಡ ಕಛೇರಿ ನಡೆದದ್ದು 1936ರಲ್ಲಿ, ಹಂಪಿಯಲ್ಲಿ, ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ. ಶಿಷ್ಯನಿಗೆ ಇನ್ನೂ ಹತ್ತೊಂಬತ್ತರ ಆಸುಪಾಸು, ಎದುರಿಗೆ ದೊಡ್ಡ ಸಭೆ. ತಬಲಾ ಹಿಡಿದು ಪಕ್ಕದಲ್ಲಿ ಕೂತವರು ಪಂಚಾಕ್ಷರಿ ಗವಾಯಿಗಳೇ.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಸಂಗತಿ. ಗುರು ಮುಂದಿನ ಸಾಲಿನಲ್ಲಿ ಕೂತು ತಪ್ಪು ಹುಡುಕಬಹುದಿತ್ತು. ನಮ್ಮ ಅಭ್ಯಾಸ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಅಂಕಪಟ್ಟಿ ಹಿಡಿದು ನಾವು ಮಾಡುವುದು ಅದನ್ನೇ. ಅವರು ಠೇಕಾ ಹಿಡಿದು ಕೂತರು. ಮಾತ್ರೆಯ ಲೆಕ್ಕ ಗುರುವಿನ ಕೈಯಲ್ಲಿ ಭದ್ರವಾಗಿದೆ ಎಂದಾದಾಗ ಶಿಷ್ಯನ ಮನಸ್ಸಿನ ಒಂದು ಹೊರೆ ಇಳಿಯುತ್ತದೆ, ಅಷ್ಟು ಜಾಗ ರಾಗಕ್ಕೆ ಸಿಗುತ್ತದೆ. ಅವರು ಹೀಗೆ ಯೋಚಿಸಿಯೇ ಕೂತರೆಂದು ನಾನು ಹೇಳುತ್ತಿಲ್ಲ, ಇದು ನನ್ನ ಓದು. ಬರುವ ತಿಂಗಳ ಪಾಠಗಳಿಗೆ ಇಷ್ಟು ಮಾಡಿ ನೋಡೋಣ ಎಂದು ನಮ್ಮ ವಿಭಾಗದಲ್ಲಿ ಮಾತಾಡಿಕೊಂಡಿದ್ದೇವೆ: ಒಮ್ಮೆಗೆ ಒಂದೇ ಸೂಚನೆ, ಉಳಿದದ್ದು ಹಲಗೆಯ ಮೇಲೆ, ಮಗು ಸೂಚನೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿದ ಮೇಲೆ ಮುಂದಿನದು, ಹೊಸ ಪ್ರಶಿಕ್ಷಣಾರ್ಥಿಯ ಮೊದಲ ಪಾಠದಲ್ಲಿ ಮಾರ್ಗದರ್ಶಕರು ಅಂಕಪಟ್ಟಿ ಬದಿಗಿಟ್ಟು ಚಾರ್ಟು ಹಿಡಿದು ನಿಲ್ಲುವುದು.

ಅಲೆದಾಟದ ಪಾಠಶಾಲೆ ಕೊನೆಗೆ ಗದಗಿನಲ್ಲಿ ನೆಲೆ ಕಂಡಿತು. ಆಶ್ರಯ ಕೊಟ್ಟ ಬಸರಿಗಿಡದ ವೀರಪ್ಪನವರ ಹೆಸರಿನಿಂದ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಅಲ್ಲಿ ಹೆಚ್ಚು ಕಾಲ ಇರುವ ಯೋಗ ಗವಾಯಿಗಳಿಗೆ ಒದಗಲಿಲ್ಲ. 1944ರ ಜೂನ್ 11ರಂದು ತೀರಿಕೊಂಡರು, ಆಗ ಅವರಿಗೆ ಐವತ್ತೆರಡು. ಆಶ್ರಮದ ಹೊಣೆ ಮೂವತ್ತರ ಪುಟ್ಟರಾಜರ ಮೇಲೆ ಬಿತ್ತು. ಅವರು ಅದನ್ನು 2010ರವರೆಗೆ, ಅರವತ್ತಾರು ವರ್ಷ ನಡೆಸಿದರು. ಗುರುವಿನಿಂದ ಅವರಿಗೆ ಬಂದ ಪಾಠದಲ್ಲಿ ಒಂದು ಸಾಲೂ ಕಣ್ಣಿನಿಂದ ಓದಿದ್ದಾಗಿರಲಿಲ್ಲ.