ವಾಟ್ ಇಮ್ಮಡಿಯಾದರೆ ಸದ್ದೂ ಇಮ್ಮಡಿಯೇ? ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್ ಕಂಡುಕೊಂಡ ಉತ್ತರ

ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಸ್ವಿಚ್ ಒತ್ತಿದ ಕೂಡಲೇ ಹಾಡು ಬರುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಕೆಂಪಗೆ ಕಾಯಬೇಕು, ಆಮೇಲೆ ಸದ್ದು ನಿಧಾನವಾಗಿ ಏಳಬೇಕು. ರೇಡಿಯೋಗಳಿಂದ ಅವು ಮಾಯವಾಗಿ ದಶಕಗಳೇ ಕಳೆದಿವೆ. ಆದರೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಅನೇಕರು ಇಂದಿಗೂ ವಾಲ್ವ್ ಆಂಪ್ಲಿಫೈಯರನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಳೆಯದಾದಷ್ಟೂ ಬೆಲೆ ಹೆಚ್ಚು.

ಇಂಥ ಹಳೆಯ ಆಂಪ್ಲಿಫೈಯರ್ ಕೈಗೆ ಬಂದವರಲ್ಲಿ ಒಂದು ನಂಬಿಕೆ ಬಲವಾಗಿದೆ. ಒಳಗಿನ ವಾಲ್ವ್ ಕಿತ್ತು ದೊಡ್ಡ ವಾಲ್ವ್ ಹಾಕಿದರೆ ವಾಟ್ ಇಮ್ಮಡಿಯಾಗುತ್ತದೆ, ವಾಟ್ ಇಮ್ಮಡಿಯಾದರೆ ಸದ್ದೂ ಇಮ್ಮಡಿಯಾಗುತ್ತದೆ ಎಂಬುದು ಆ ನಂಬಿಕೆ. ಇದು ನಿಜವೇ? ಉತ್ತರಕ್ಕಾಗಿ ನಾವು ಈ ಪೆಟ್ಟಿಗೆಗಳನ್ನು ರೂಪಿಸಿದ ಒಬ್ಬ ರೇಡಿಯೋ ರಿಪೇರಿಯವರ ಬದುಕನ್ನು ನೋಡೋಣ. ಹೆಚ್ಚು ಸದ್ದಿಗಾಗಿ ಸುಮಾರು ಇಪ್ಪತ್ತು ವರ್ಷ ದುಡಿದ ಅವರ ಹೆಸರು ಲಿಯೋ ಫೆಂಡರ್.

ಕಿತ್ತಳೆ ತೋಟದ ಹುಡುಗ

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅನಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ ಅವರ ತಂದೆತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೇ ವಯಸ್ಸಿನಲ್ಲಿ ಗಡ್ಡೆಯಿಂದಾಗಿ ಒಂದು ಕಣ್ಣು ಹೋಯಿತು. ಅಲ್ಲಿಂದ ಕೊನೆಯವರೆಗೂ ಗಾಜಿನ ಕಣ್ಣಿನಲ್ಲೇ ಬದುಕು.

ಸಾಂತಾ ಮರಿಯಾ ಎಂಬ ಊರಿನಲ್ಲಿ ಅವರ ಬಂಧುವೊಬ್ಬರು ಕಾರುಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿ ಇಟ್ಟಿದ್ದರು. ಹದಿಮೂರು ಹದಿನಾಲ್ಕರ ವಯಸ್ಸಿನ ಹುಡುಗನಿಗೆ ಅವರು ಹಳೆಯ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಅವರ ಅಂಗಡಿಗೆ ಹೋದಾಗ ಅವರೇ ಕಟ್ಟಿದ್ದ ರೇಡಿಯೋ ಜೋರಾಗಿ ಹಾಡುವುದನ್ನು ಕೇಳಿ ಹುಡುಗ ಬೆರಗಾದ. ಅಂದು ಹಿಡಿದ ಗುಂಗು ಮತ್ತೆ ಬಿಡಲಿಲ್ಲ.

ಆದರೂ ಲಿಯೋ ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. ಎಲೆಕ್ಟ್ರಾನಿಕ್ಸ್ ಅನ್ನು ತಾವೇ ಬಿಚ್ಚಿ, ಜೋಡಿಸಿ ಕಲಿತರು. ಲೆಕ್ಕ ಬರೆಯುವ ಕೆಲಸ ಸಿಕ್ಕಿತಾದರೂ 1930ರ ದಶಕದ ಆರ್ಥಿಕ ಕುಸಿತದಲ್ಲಿ ಒಂದಾದ ಮೇಲೊಂದು ನೌಕರಿ ಕೈಬಿಟ್ಟಿತು. 1934ರಲ್ಲಿ ಮದುವೆಯಾಗಿತ್ತು, ಸಂಸಾರ ನಡೆಯಬೇಕಿತ್ತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್‌ನಲ್ಲಿ ಫೆಂಡರ್ ರೇಡಿಯೋ ಸರ್ವಿಸ್ ಎಂಬ ರಿಪೇರಿ ಅಂಗಡಿ ತೆರೆದರು.

ನುಡಿಸಲು ಬರಲಿಲ್ಲ, ಕೇಳಿಸಿಕೊಳ್ಳಲು ಬಂತು

ಗಿಟಾರ್ ಲೋಕವನ್ನೇ ಬದಲಿಸಿದ ವ್ಯಕ್ತಿ ದೊಡ್ಡ ವಾದಕರೇ ಆಗಿರಬೇಕು ಎಂದು ಅನೇಕರು ಎಣಿಸುತ್ತಾರೆ. ಹಾಗೇನಿಲ್ಲ. ಎಳೆಯ ವಯಸ್ಸಿನಲ್ಲಿ ಪಿಯಾನೋ, ಸ್ಯಾಕ್ಸಫೋನ್ ಕಲಿತಿದ್ದ ಲಿಯೋಗೆ ಗಿಟಾರ್ ನುಡಿಸಲು ಕೊನೆಯವರೆಗೂ ಬರಲಿಲ್ಲ. ಅವರಿಗೆ ಬರುತ್ತಿದ್ದುದು ರಿಪೇರಿ. ಅಂಗಡಿಗೆ ಬರುವ ವಾದಕರ ದೂರುಗಳನ್ನು ಕೇಳುವುದು, ಪೆಟ್ಟಿಗೆ ಬಿಚ್ಚುವುದು, ಕೆಟ್ಟಿದ್ದು ಏಕೆ ಕೆಟ್ಟಿತೆಂದು ನೋಡುವುದು ಅವರ ದಿನಚರಿ.

1945ರ ಹೊತ್ತಿಗೆ ಡಾಕ್ ಕಾಫ್‌ಮನ್ ಎಂಬ ಗೆಳೆಯರ ಜೊತೆ ಸೇರಿ ಸ್ಟೀಲ್ ಗಿಟಾರ್ ಮತ್ತು ಸಣ್ಣ ಆಂಪ್ಲಿಫೈಯರ್ ತಯಾರಿಸತೊಡಗಿದರು. 1946ರಲ್ಲಿ ಕಾಫ್‌ಮನ್ ಹೊರನಡೆದರು, ಲಿಯೋ ತಮ್ಮದೇ ಹೆಸರಿನ ಕಂಪನಿ ಮುಂದುವರಿಸಿದರು. 1951ರಲ್ಲಿ ಟೆಲಿಕಾಸ್ಟರ್ ಗಿಟಾರ್ ಮತ್ತು ಪ್ರಿಸಿಷನ್ ಬೇಸ್, 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದವು.

ಅವರ ಆಂಪ್ಲಿಫೈಯರ್‌ಗಳ ಮೊದಲ ಸರ್ಕ್ಯೂಟ್‌ಗಳು ಆಕಾಶದಿಂದ ಇಳಿದವೇನಲ್ಲ. ವಾಲ್ವ್ ತಯಾರಕರು ಪ್ರಕಟಿಸುತ್ತಿದ್ದ ಮಾದರಿಗಳನ್ನೇ ಲಿಯೋ ಆಧಾರವಾಗಿ ಇಟ್ಟುಕೊಂಡಿದ್ದರು. ಅವರು ಸೇರಿಸಿದ್ದು ರಿಪೇರಿಯವರ ಬುದ್ಧಿ. ಭಾಗಗಳೆಲ್ಲ ಒಂದೇ ಹಲಗೆಯ ಮೇಲೆ ಸಾಲಾಗಿ ಇರುತ್ತಿದ್ದವು, ಯಾವ ವಾಲ್ವ್ ಎಲ್ಲಿಗೆ ಎಂಬ ಚೀಟಿ ಒಳಗೇ ಅಂಟಿರುತ್ತಿತ್ತು. ಕೈಯಲ್ಲಿ ಬೆಸುಗೆ ಕಡ್ಡಿ ಇದ್ದ ಯಾರಿಗಾದರೂ ಅದನ್ನು ಸರಿಪಡಿಸಲು ಸಾಧ್ಯವಿತ್ತು. ಎಪ್ಪತ್ತು ವರ್ಷಗಳ ನಂತರವೂ ಅವು ಹಾಡುತ್ತಿರುವುದಕ್ಕೆ ಇದೂ ಒಂದು ಕಾರಣ. ಕಂಡಕಂಡವರೆಲ್ಲ ಅವುಗಳ ಒಳಗೆ ಕೈಹಾಕುವುದಕ್ಕೂ ಇದೇ ಕಾರಣ!

ವಾಟ್‌ಗಳ ಬೆನ್ನಟ್ಟಿ

ಬೇಸ್ ಗಿಟಾರಿನ ತಗ್ಗಿದ ಸ್ವರಗಳನ್ನು ಜೋರಾಗಿ ಕೇಳಿಸಲು ಹೆಚ್ಚು ಶಕ್ತಿ ಬೇಕು. ಅದಕ್ಕಾಗಿ 1952ರಲ್ಲಿ ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಬಂತು. ಮೊದಲು ಒಂದೇ 15 ಇಂಚಿನ ಸ್ಪೀಕರ್, ಮುಂದೆ 10 ಇಂಚಿನ ನಾಲ್ಕು. ಟ್ವಿನ್ ಎಂಬ ಇನ್ನೊಂದು ಮಾದರಿಯಲ್ಲಿ ಎರಡಿದ್ದ ಔಟ್‌ಪುಟ್ ವಾಲ್ವ್‌ಗಳು 1950ರ ದಶಕದ ಕೊನೆಗೆ ನಾಲ್ಕಾದವು, ಶಕ್ತಿ ಸುಮಾರು 80 ವಾಟ್ ಮುಟ್ಟಿತು.

ಆಗ ಬಂದವರು ಡಿಕ್ ಡೇಲ್. ಕ್ಯಾಲಿಫೋರ್ನಿಯಾದ ಬಾಲ್ಬೋವಾದ ರೆಂಡೆವೂ ಬಾಲ್‌ರೂಮ್‌ನಲ್ಲಿ ಸಾವಿರಾರು ಜನರೆದುರು ನುಡಿಸುತ್ತಿದ್ದ ಯುವಕ. ಖಾಲಿ ಕೋಣೆಯಲ್ಲಿ ಕಿವಿಗಡಚಿಕ್ಕುವ ಸದ್ದನ್ನು ತುಂಬಿದ ಸಭಾಂಗಣದಲ್ಲಿ ಜನರ ಮೈಯೇ ಹೀರಿಬಿಡುತ್ತದೆ. ಡೇಲ್ ಹೇಳಿಕೊಂಡಂತೆ, ಲಿಯೋ ಕೊಟ್ಟ ಆಂಪ್ಲಿಫೈಯರ್‌ಗಳು ಮತ್ತು ಸ್ಪೀಕರ್‌ಗಳು ಡಜನ್‌ಗಟ್ಟಲೆ ಸುಟ್ಟುಹೋದವು. ಕೊನೆಗೆ ಲಿಯೋ ಆ ಸಭಾಂಗಣಕ್ಕೇ ಬಂದು, ಜನರ ನಡುವೆ ನಿಂತು ಕೇಳಿದ ಮೇಲೆ ಸಮಸ್ಯೆ ಏನೆಂದು ಅರ್ಥವಾಯಿತಂತೆ.

ಆಗ ಲಿಯೋ ಏನು ಮಾಡಿದರು ಎಂಬುದನ್ನು ಗಮನಿಸಿ. ವಾಲ್ವ್ ಮಾತ್ರ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅದನ್ನು ತಾಳಿಕೊಳ್ಳುವ ಗಟ್ಟಿ 15 ಇಂಚಿನ ಸ್ಪೀಕರ್, ಆ ಸ್ಪೀಕರ್‌ಗೆ ಹೊಂದುವ ಪ್ರತ್ಯೇಕ ಪೆಟ್ಟಿಗೆ, ಎಲ್ಲವನ್ನೂ ಬದಲಿಸಿದರು. 1960ರ ದಶಕದ ಆರಂಭದಲ್ಲಿ ಹೀಗೆ ಹುಟ್ಟಿದ್ದು ಷೋಮನ್.

ದೊಡ್ಡ ವಾಲ್ವ್ ಹಾಕಿದರೆ ಸಾಕೆ?

ಸಾಲದು. ಫೆಂಡರ್‌ನ ಡೀಲಕ್ಸ್ ರಿವರ್ಬ್ ಎಂಬ ಮಾದರಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿರುವುದು 6ವಿ6 ಎಂಬ ಎರಡು ವಾಲ್ವ್, ಶಕ್ತಿ ಸುಮಾರು 22 ವಾಟ್. ಇದಕ್ಕಿಂತ ದೊಡ್ಡದಾದ 6ಎಲ್6 ಎರಡಿದ್ದರೆ ಸುಮಾರು 40 ವಾಟ್ ಪಡೆಯಬಹುದು. ಎರಡರ ಕಾಲುಗಳೂ ಒಂದೇ ಸಾಕೆಟ್‌ಗೆ ಕೂರುತ್ತವೆ. ಹಾಗಾಗಿ ಕಿತ್ತು ಹಾಕುವ ಆಸೆ ಸಹಜ.

ಆದರೆ 6ವಿ6 ಕಾಯಲು 0.45 ಆಂಪಿಯರ್ ಸಾಕು, 6ಎಲ್6ಗೆ 0.9 ಬೇಕು. ಎರಡು ಬದಲಿಸಿದರೆ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ 0.9 ಆಂಪಿಯರ್ ಹೆಚ್ಚುವರಿ ಹೊರೆ. ವಾಲ್ವ್ ಮತ್ತು ಸ್ಪೀಕರ್ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಚಿಕ್ಕ ವಾಲ್ವ್‌ಗೆ ಹೊಂದುವಂತೆ ಸುತ್ತಿದ್ದು. ದೊಡ್ಡ ವಾಲ್ವ್‌ಗೆ ತನ್ನ ಪೂರ್ತಿ ಶಕ್ತಿ ಕೊಡಲು ಬೇರೆಯೇ ಲೋಡ್ ಬೇಕು. ಬಯಾಸ್ ಸರಿಹೊಂದಿಸದಿದ್ದರೆ ವಾಲ್ವ್ ವಿಪರೀತ ಕಾಯಬಹುದು. ಇಷ್ಟಾದರೂ ವೋಲ್ಟೇಜ್ ಹಳೆಯದೇ ಇರುವುದರಿಂದ 40 ವಾಟ್ ಸಿಗುವ ಭರವಸೆಯಿಲ್ಲ. ಒಟ್ಟಿನಲ್ಲಿ ಬಾವಿಯ ನೀರು ಅಷ್ಟೇ ಇರುವಾಗ ದೊಡ್ಡ ಕೊಡ ಇಳಿಬಿಟ್ಟಂತೆ.

1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದವರೇ ಆದ ರ‍್ಯಾಂಡಲ್ ಸ್ಮಿತ್, ಫೆಂಡರ್‌ನ 12 ವಾಟಿನ ಪುಟ್ಟ ಪ್ರಿನ್ಸ್‌ಟನ್ ಪೆಟ್ಟಿಗೆಯಿಂದ ಸುಮಾರು 60 ವಾಟ್ ಹೊರಡಿಸಿದ್ದು ನಿಜ. ಅದಕ್ಕಾಗಿ ಅವರು ಟ್ರಾನ್ಸ್‌ಫಾರ್ಮರ್, ಸರ್ಕ್ಯೂಟ್, ಸ್ಪೀಕರ್ ಎಲ್ಲವನ್ನೂ ಬದಲಿಸಬೇಕಾಯಿತು. ಹೊರಗಿನ ಪೆಟ್ಟಿಗೆ ಮಾತ್ರ ಹಳೆಯದಾಗಿ ಉಳಿಯಿತು. ಮೆಸಾ ಬೂಗಿ ಕಂಪನಿ ಹುಟ್ಟಿದ್ದು ಆ ಕೆಲಸದಿಂದ.

ಕಿವಿಯ ಲೆಕ್ಕವೇ ಬೇರೆ

ಇನ್ನು ನಂಬಿಕೆಯ ಎರಡನೇ ಭಾಗ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ತುಸು ಜೋರು ಅನ್ನಿಸುತ್ತದೆ, ಅಷ್ಟೇ. ಸದ್ದು ಇಮ್ಮಡಿಯಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು! 22 ವಾಟನ್ನು 40ಕ್ಕೆ ಏರಿಸಿದರೆ ಸಿಗುವುದು 2.6 ಡೆಸಿಬೆಲ್. 97 ಡೆಸಿಬೆಲ್ ಸಂವೇದನೆಯ ಸ್ಪೀಕರ್ ತೆಗೆದು 100ರದ್ದನ್ನು ಹಾಕಿದರೆ, ಒಂದು ತಂತಿಯನ್ನೂ ಬೆಸೆಯದೆ ಅದಕ್ಕಿಂತ ಹೆಚ್ಚು ಲಾಭ.

ಒಂದು ಎಚ್ಚರಿಕೆಯೂ ಇದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಎಂಬುದು ಕಿವಿಯ ಸುರಕ್ಷತೆಗೆ ಬಳಸುವ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. ಅಂದರೆ ವಾಟ್ ಇಮ್ಮಡಿ ಮಾಡಿದಾಗ ಕಿವಿಗೆ ಸಿಗುವ ಸಂತೋಷ ಸ್ವಲ್ಪ, ಕಿವಿಯ ಆಯಸ್ಸಿಗೆ ಬೀಳುವ ಕತ್ತರಿ ದೊಡ್ಡದು.

ಪ್ರಾಣಕ್ಕೇ ಅಪಾಯ

ಈ ಪೆಟ್ಟಿಗೆಗಳ ಒಳಗೆ 400 ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ, ಅಂದರೆ ನಮ್ಮ ರೇಡಿಯೋ ರಿಪೇರಿಯವರು ಕಂಡೆನ್ಸರ್ ಎನ್ನುವ ಭಾಗದಲ್ಲಿ, ಅದು ಉಳಿದುಕೊಂಡಿರಬಹುದು. ಮುಟ್ಟಿದರೆ ಪ್ರಾಣ ಹೋಗಬಹುದು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕುವುದು, ಸ್ಪೀಕರ್ ಜೋಡಿಸದೆ ಚಾಲೂ ಮಾಡುವುದು, ಅಮೆರಿಕದ 120 ವೋಲ್ಟಿನ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚುವುದು, ಮೂರೂ ಟ್ರಾನ್ಸ್‌ಫಾರ್ಮರನ್ನು ಸುಡುವ ದಾರಿಗಳೇ. ವಾಲ್ವ್ ಕೆಲಸ ಬಲ್ಲವರ ಕೈಗೇ ಕೊಡಿ. ಸಭೆ ದೊಡ್ಡದಾದರೆ ಆಂಪ್ಲಿಫೈಯರ್ ಮುಂದೆ ಒಂದು ಮೈಕ್ ಇಟ್ಟರೆ ಸಾಕು, ಉಳಿದದ್ದನ್ನು ಸಭಾಂಗಣದ ಸೌಂಡ್ ಸಿಸ್ಟಂ ನೋಡಿಕೊಳ್ಳುತ್ತದೆ.

ಮಾರಿದ ಮೇಲೆ

ಇತ್ತ ಲಿಯೋ ಅವರನ್ನು ವರ್ಷಗಟ್ಟಲೆ ಸೈನಸ್ ಸೋಂಕು ಕಾಡುತ್ತಿತ್ತು. ಹೆಚ್ಚು ದಿನ ಬದುಕುವುದಿಲ್ಲವೆಂದು ನಂಬಿ 1965ರ ಜನವರಿಯಲ್ಲಿ ಕಂಪನಿಯನ್ನು 130 ಲಕ್ಷ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಮಾರಿಬಿಟ್ಟರು. ಮಾರಿದ ಮೇಲೆ ಬೇರೆ ವೈದ್ಯರನ್ನು ಕಂಡರು, ಸೋಂಕು ವಾಸಿಯಾಯಿತು!

ಹೊಸ ಮಾಲೀಕರ ಕಾಲದಲ್ಲಿ, 1970ರ ದಶಕದ ಕೊನೆಗೆ, 85 ವಾಟಿನ ಟ್ವಿನ್ ರಿವರ್ಬ್ 135 ವಾಟ್ ಆಯಿತು. ನಮ್ಮ ಲೆಕ್ಕದಲ್ಲಿ ಏರಿದ್ದು ಬರೀ 2 ಡೆಸಿಬೆಲ್. ಇಂದು ಸಂಗ್ರಹಕಾರರು ಹೆಚ್ಚು ಹಣ ತೆರುವುದು ಅದಕ್ಕಿಂತ ಕಡಿಮೆ ವಾಟಿನ ಹಳೆಯದಕ್ಕೇ. ಲಿಯೋ ಬಯಸಿದ್ದು ಶುದ್ಧವಾದ, ಒಡೆಯದ ಸದ್ದು. ಆದರೆ ವಾದಕರು ಮನಸೋತದ್ದು ಆಂಪ್ಲಿಫೈಯರ್ ಮಿತಿ ಮೀರಿದಾಗ ಒಡೆಯುವ ಸದ್ದಿಗೆ. ಲಂಡನ್ನಿನ ಜಿಮ್ ಮಾರ್ಷಲ್ ಅವರ ತಂಡ 1962ರಲ್ಲಿ ಬೇಸ್‌ಮನ್ ಸರ್ಕ್ಯೂಟನ್ನೇ ಅನುಸರಿಸಿ ಕಟ್ಟಿದ ಆಂಪ್ಲಿಫೈಯರ್ ರಾಕ್ ಸಂಗೀತದ ಗುರುತಾಗಿಬಿಟ್ಟಿತು.

ಲಿಯೋ ಸುಮ್ಮನೆ ಕೂರಲಿಲ್ಲ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್, ಆಮೇಲೆ ಜಿ ಅಂಡ್ ಎಲ್ ಕಂಪನಿಗಳಲ್ಲಿ ದುಡಿದರು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಪಾರ್ಕಿನ್ಸನ್ ಕಾಯಿಲೆ ಕೈಕಾಲು ಹಿಡಿದಾಗಲೂ ಲಿಯೋ ಕೆಲಸಕ್ಕೆ ಹೋಗುತ್ತಿದ್ದರು. 1991ರ ಮಾರ್ಚ್ 21ರಂದು ಕೊನೆಯುಸಿರೆಳೆದರು.

ಹಾಗಾಗಿ ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಇಂಥ ಹಳೆಯ ಪೆಟ್ಟಿಗೆ ಇದ್ದು, ಸದ್ದು ಸಾಲದು ಅನ್ನಿಸಿದರೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಲಿಯೋ ಮಾಡಿದ್ದನ್ನು ಮಾಡಿ. ಎದ್ದು ಹೋಗಿ, ಕೇಳುಗರ ನಡುವೆ ನಿಂತು, ಒಮ್ಮೆ ಕೇಳಿಸಿಕೊಳ್ಳಿ.