ಡೇಗೆ ಹಿಡಿದ ಚಾಂದ್‌ಬೀಬಿ

ಅಡರಕಟ್ಟಿಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ಇತಿಹಾಸದ ಪಾಠಕ್ಕೆ ನಾನು ಒಯ್ದ ಬೋಧನೋಪಕರಣ ಒಂದೇ ಒಂದು ಹಳೆಯ ಚಿತ್ರದ ಪ್ರತಿ. ಕ್ರಿ.ಶ. 1700ರ ಸುಮಾರಿಗೆ ದಖ್ಖನಿನಲ್ಲಿ ಬರೆದ ಈ ಚಿತ್ರದ ಮೂಲ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆಯೇರಿದ ರಾಣಿ, ಕೈಮೇಲೆ ಬೇಟೆಯ ಡೇಗೆ, ಜೊತೆಗೆ ಪರಿವಾರ. ವೀರವನಿತೆ ಎಂದೊಡನೆ ನಾವು ನಿರೀಕ್ಷಿಸುವ ಹಿರಿದ ಕತ್ತಿ ಇಲ್ಲಿಲ್ಲ. ಚಿತ್ರ ಬರೆಯುವ ಹೊತ್ತಿಗೆ ಆಕೆ ತೀರಿಕೊಂಡು ನೂರು ವರ್ಷವಾಗಿತ್ತು. ಮುಖ ಕಲಾವಿದನ ಕಲ್ಪನೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅದನ್ನು ಫೋಟೊ ಎಂದೇ ನಂಬುತ್ತಾರೆ.

ಚಾಂದ್‌ಬೀಬಿ ಅಹ್ಮದ್‌ನಗರದ ಹುಸೇನ್ ನಿಜಾಮ್ ಷಾನ ಮಗಳು. ವಿಜಯಪುರದ ಒಂದನೆಯ ಅಲಿ ಆದಿಲ್ ಷಾನೊಂದಿಗೆ ಆಕೆಯ ಮದುವೆಯಾದದ್ದು ಎರಡು ಮನೆತನಗಳ ರಾಜಿಯ ಭಾಗವಾಗಿ. ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಕೈಬದಲಾಯಿತು. ಆ ರಾಜಿಯೇ 1565ರ ರಕ್ಕಸ ತಂಗಡಿ ಯುದ್ಧಕ್ಕೆ ದಾರಿಮಾಡಿತು. ಇಲ್ಲಿ ತರಗತಿ ಗಲಿಬಿಲಿಗೊಂಡಿತು. ವಿಜಯನಗರ ಬೀಳಲು ಕಾರಣವಾದ ಕೂಟದ ಸೊಸೆಯನ್ನು ಹೊಗಳುವುದು ಹೇಗೆ ಎಂದು ಹುಡುಗನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲವಾದರೂ ಹತ್ತು ನಿಮಿಷ ಅಲ್ಲೇ ನಿಂತೆ. ಮದುವೆ ನಿಶ್ಚಯಿಸಿದವರು ಯಾರು, ಆಕೆಯ ವಯಸ್ಸೆಷ್ಟು ಎಂದು ಮಕ್ಕಳೇ ಲೆಕ್ಕ ಹಾಕಿದರು. ಹುಟ್ಟಿದ್ದು 1550ರಲ್ಲಿ ಎಂದು ಹಲಗೆಯ ಮೇಲೆ ಬರೆದದ್ದಷ್ಟೇ ನನ್ನ ಕೆಲಸ.

ಆಕೆಗೆ ಅರಬ್ಬಿ, ಪಾರಸಿ, ತುರ್ಕಿಯ ಜೊತೆಗೆ ಮರಾಠಿ, ಕನ್ನಡವೂ ಬರುತ್ತಿದ್ದವು. ಕುದುರೆ ಸವಾರಿ, ಬೇಟೆಗಳಲ್ಲಿ ಗಂಡನ ಜೊತೆಗಾತಿ. 1579ರಲ್ಲಿ ಅಲಿ ಕಟ್ಟಿಸಿದ ವಿಜಯಪುರದ ಚಾಂದ್ ಬಾವಡಿಗೆ ಆಕೆಯದೇ ಹೆಸರು. ಮರುವರ್ಷವೇ ಅಲಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಇಬ್ರಾಹಿಮನನ್ನು ಗದ್ದುಗೆಗೇರಿಸಿ ಚಾಂದ್‌ಬೀಬಿ ಅವನ ಪಾಲಕಳಾದಳು. ಕಮಾಲ್ ಖಾನ್ ಅಧಿಕಾರಕ್ಕೆ ಕೈಹಾಕಿದಾಗ ಕಿಶ್ವರ್ ಖಾನನ ನೆರವಿನಿಂದ ಅವನನ್ನು ತೆಗೆದಳು. ಆ ಕಿಶ್ವರ್ ಖಾನನೇ ಮುಂದೆ ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಬಿಡುಗಡೆಯಾಗಿ ಬಂದವಳು ಮತ್ತೆ ಅದೇ ಹುಡುಗನ ಬೆನ್ನಿಗೆ ನಿಂತಳು. ಎರಡನೆಯ ಇಬ್ರಾಹಿಂ ಆದಿಲ್ ಷಾ ಎಂದು ನಾವು ಓದುವ ಸಂಗೀತಪ್ರೇಮಿ ದೊರೆ ಈ ಹುಡುಗನೇ. ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ನೋಡಿದ ಮಕ್ಕಳಿಗೆ ಆದಿಲ್‌ಶಾಹಿ ಕಾಲ ದೂರದ್ದಲ್ಲ. ಪಾಠ ಅಲ್ಲಿಂದ ಶುರುಮಾಡಿದರೂ ನಡೆಯುತ್ತದೆ.

ಆಕೆಯ ಹೆಸರು ಉಳಿದದ್ದು ತವರಿನಲ್ಲಿ. ಅಕ್ಬರನ ಮಗ ಮುರಾದ್ 1595ರಲ್ಲಿ ಅಹ್ಮದ್‌ನಗರಕ್ಕೆ ಮುತ್ತಿಗೆ ಹಾಕಿದ. ಮೊಗಲರು ಸುರಂಗ ತೋಡಿ ಮದ್ದು ಸಿಡಿಸಿ ಕೋಟೆಗೋಡೆಯಲ್ಲಿ ಕಂಡಿ ಬೀಳಿಸಿದರು. ಚಾಂದ್‌ಬೀಬಿ ಮುಸುಕು ಹಾಕಿಕೊಂಡು, ಕತ್ತಿ ಹಿಡಿದು ಆ ಕಂಡಿಯಲ್ಲೇ ಬಂದು ನಿಂತಳು. ಓಡತೊಡಗಿದ್ದ ಸೈನಿಕರು ಹಿಂದಿರುಗಿದರು. ಸಂಜೆಯವರೆಗೆ ಕಾದಾಟ, ರಾತ್ರಿಯಿಡೀ ಗೋಡೆ ಕಟ್ಟುವ ಕೆಲಸ. ಬೆಳಗಾಗುವಷ್ಟರಲ್ಲಿ ಕಂಡಿ ಮುಚ್ಚಿತ್ತು. 1596ರಲ್ಲಿ ಬೇರಾರ್ ಪ್ರಾಂತ್ಯ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡಳು. ಬೇರಾರ್ ಕಳೆದುಕೊಂಡದ್ದು ಸೋಲೇ ಅಲ್ಲವೇ ಎಂದು ಸಹಪಾಠಿಯೊಬ್ಬರು ಚರ್ಚೆಯಲ್ಲಿ ಕೇಳಿದರು. ರಾಜಧಾನಿಯೂ ಬಾಲ ದೊರೆಯೂ ಉಳಿದದ್ದನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ.

1600ರಲ್ಲಿ ದಾನಿಯಾಲನ ಸೈನ್ಯ ಬಂತು. ಈ ಸಲ ಕೋಟೆ ನಿಲ್ಲದೆಂದು ಆಕೆಗೆ ತಿಳಿದಿತ್ತು. ಬಾಲಕ ಬಹಾದ್ದೂರ್ ನಿಜಾಮ್ ಷಾನ ಜೀವ ಉಳಿಸಲು ಮಾತುಕತೆಯೇ ಮೇಲೆಂದಳು. ರಾಣಿ ಮೊಗಲರಿಗೆ ಮಾರಿಕೊಂಡಳೆಂಬ ಗುಲ್ಲೆದ್ದಿತು. ಕೋಟೆಯೊಳಗಿನ ಸ್ವಂತ ಸೈನಿಕರೇ ನುಗ್ಗಿ ಆಕೆಯನ್ನು ಕೊಂದರು. ಕೆಲವೇ ದಿನಗಳಲ್ಲಿ, ಆಗಸ್ಟ್ ತಿಂಗಳಲ್ಲಿ, ಕೋಟೆ ಮೊಗಲರ ವಶವಾಯಿತು. ಬಹಾದ್ದೂರನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಕಳುಹಿಸಿದರು.